ಮೂರು ನೀರು ಕಂಡ ಅಂಗಿ

“ಮುಚ್ಚಳ ತೆಗೀರಿ, ಗೂಳಪ್ಪ.”

“ಈಗ ಬ್ಯಾಡ್ರಿ ಅಕ್ಕಾರ. ತಿರಗಾಕತ್ತೈತಿ. ನಡುವ ತೆಗದ್ರ ನಿಂತಬಿಡತೈತಿ.”

“ನಿಲ್ಲಲಿ.”

ಗೂಳಪ್ಪ ಗೊಣಗುತ್ತಲೇ ಮೂರನೇ ನಂಬರಿನ ಯಂತ್ರದ ಮುಚ್ಚಳ ಎತ್ತಿದ. ಗುರುಗುಟ್ಟುತ್ತಿದ್ದ ಯಂತ್ರ ಒಮ್ಮೆ ನಡುಗಿ ಸುಮ್ಮನಾಯಿತು. ಹೆಡ್ ಕಾನ್‌ಸ್ಟೆಬಲ್ ಸಿದ್ದಕ್ಕ ಖಾಕಿ ಅಂಗಿಯ ತೋಳು ಮೇಲೇರಿಸಿ ಒಳಗೆ ಕೈ ಇಳಿಬಿಟ್ಟಳು. ನೀರಿದ್ದದ್ದು ಮೇಲಿನ ನಾಲ್ಕು ಬೆರಳಿನಷ್ಟು ಮಾತ್ರ. ಅದರ ಕೆಳಗೆ ಬಟ್ಟೆ, ಅಂಡಿಗೆಯಲ್ಲಿ ತುಳಿದು ತುಂಬಿದ ಹತ್ತಿಯಂತೆ ಬಿಗಿದು ಕೂತಿತ್ತು. ಬೆರಳು ನುಗ್ಗಲಿಲ್ಲ.

ಗಣೇಶಗುಡಿಯ ರಾಫ್ಟಿಂಗ್ ಕ್ಯಾಂಪಿನ ಮ್ಯಾನೇಜರ್ ರೋಹಿತ, ಮೈಮೇಲಿನ ಅಂಗಿಯಿಂದಲೇ ವಿಷವೇರಿ ಸತ್ತು ಆ ಶುಕ್ರವಾರಕ್ಕೆ ನಾಲ್ಕು ದಿನ. ಆ ಅಂಗಿ ಒಗೆದವಳೆಂದು ಚಾಂದಿಬಾಯಿಯನ್ನು ಬೆಳಿಗ್ಗೆಯೇ ಠಾಣೆಗೆ ತಂದು ಕೂರಿಸಿದ್ದರು.

“ಅವತ್ತೂ ಹಿಂಗ ತುಂಬಿತ್ತೇನು?” ಸಿದ್ದಕ್ಕ ಕೇಳಿದಳು.

“ಹೂಂನ್ರಿ. ನೀವ ಹೇಳಿದಂಗ ತುಂಬೇನಿ. ಕ್ಯಾಂಪಿನ ಇಪ್ಪತ್ತು ಅಂಗಿ, ಇಪ್ಪತ್ತು ಚೊಣ್ಣ. ಮ್ಯಾಲೆ ಚಾಂದಿ ಗಂಡ ಭೋಜಪ್ಪನ ಅಂಗಿ, ಲುಂಗಿ ಬದಲಿ ನನ್ನವ ಎರಡು.” ಗೂಳಪ್ಪ ಕೈಯೊರೆಸಿಕೊಂಡ. “ಗೋವಾದ ದೊಡ್ಡ ಹೋಟೆಲಿನಾಗ ಹರಾಜಿಗೆ ಬಂದ ಮಷೀನ್ ರಿ ಇವು. ಇದಕ್ಕ ಹೆಸರಿಡಬ್ಯಾಡ್ರಿ.”

ಅಂಬೇವಾಡಿಯಲ್ಲಿ ಅವನು ಲಾಂಡ್ರಿ ತೆರೆದು ಎರಡು ವರ್ಷವಾಗಿತ್ತು. ಮೇಲಿನಿಂದ ಬಟ್ಟೆ ತುಂಬುವ ನಾಲ್ಕು ಯಂತ್ರಗಳು. ಮೊದಲೆರಡಕ್ಕೆ ಟೋಕನ್ ಕೊಂಡು, ಕಾಗದದ ಕಾರ್ಖಾನೆಯ ಒಂಟಿ ಗಂಡಸರು ತಮ್ಮ ಬಟ್ಟೆ ತಾವೇ ಹಾಕಿ, ಬೆಂಚಿನ ಮೇಲೆ ಕೂತು ಪೇಪರು ಓದಿ, ಒಗೆದದ್ದನ್ನು ಚೀಲಕ್ಕೆ ತುರುಕಿಕೊಂಡು ಹೋಗುತ್ತಿದ್ದರು. ಉಳಿದೆರಡು ಕ್ಯಾಂಪಿಗೆ ಮೀಸಲು. ಅವನ್ನು ನಡೆಸುವವಳು ಚಾಂದಿಬಾಯಿ.

ಚಾಂದಿಬಾಯಿಯದು ಪಾಳಾದ ಹತ್ತಿರದ ತಾಂಡಾ. ಗಂಡ ಭೋಜಪ್ಪ ಅಲ್ಲೇ ಮಂದಿಯ ಹೊಲಗಳಲ್ಲಿ ಹತ್ತಿಗೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುವ ಕೂಲಿ. ಶನಿವಾರ ಸಂಜೆ ಬಸ್ಸು ಹಿಡಿದು ಹೆಂಡತಿಯ ಬಳಿ ಬರುತ್ತಿದ್ದ. ಹೋದ ಭಾನುವಾರ ಅವಳು ಅವನ ಕೂಲಿಯ ಬಟ್ಟೆಯನ್ನು ಕ್ಯಾಂಪಿನ ಬಟ್ಟೆಯ ಜೊತೆ ಒಂದೇ ಯಂತ್ರಕ್ಕೆ ಹಾಕಿದ್ದಳು. ಯಾರೂ ಹೊಡೆಯದೆ, ಬೆದರಿಸದೆ, ಕೇಳಿದ ಕೂಡಲೇ ಅವಳೇ ಒಪ್ಪಿಕೊಂಡಿದ್ದಳು.

ಆ ಒಪ್ಪಿಗೆಯೇ ಅವಳ ಕೊರಳಿಗೆ ಸುತ್ತಿತ್ತು. ಹದಿನೈದು ದಿನದ ಹಿಂದೆ ರೋಹಿತ ಇದೇ ಲಾಂಡ್ರಿಯಲ್ಲಿ ನಿಂತು, “ಅಂಗಿ ಮ್ಯಾಲೆ ಬಿಳಿ ಪಟ್ಟಿ ಹಂಗ ಉಳದಾವ, ನಮ್ಮ ಹುಡುಗೂರೆಲ್ಲಾ ಮೈ ತುರಸ್ಕೊಳ್ಳಾಕತ್ತಾರ” ಎಂದು ಕೂಗಾಡಿ, ಬಟ್ಟೆಯ ಗಂಟನ್ನು ಅವಳ ಮುಖಕ್ಕೆ ಎಸೆದಿದ್ದ. ಟೋಕನ್ನಿನವರು ಹತ್ತು ಮಂದಿ ನೋಡಿದ್ದರು. ಆ ಸಿಟ್ಟಿಗೆ ಬೇಕೆಂದೇ ವಿಷದ ಬಟ್ಟೆ ಬೆರೆಸಿದಳು ಎಂದು ಪಿ.ಎಸ್.ಐ. ಬಸಲಿಂಗಯ್ಯ ಬರೆಸಿದ್ದರು. ಕೊಲೆಯ ಕಲಂ. ಎರಡು ಗಂಟೆಗೆ ಜೀಪು ಹೊರಟು, ಮೂರಕ್ಕೆ ಹಳಿಯಾಳದ ಕೋರ್ಟಿನಲ್ಲಿ ಅವಳನ್ನು ನಿಲ್ಲಿಸಬೇಕು. ಅಷ್ಟರೊಳಗೆ ಮೂರನೇ ಯಂತ್ರಕ್ಕೆ ಮೊಹರು ಹಾಕಿ ಬಾ ಎಂದು ಸಿದ್ದಕ್ಕನನ್ನು ಕಳಿಸಿದ್ದರು.

ಸಿದ್ದಕ್ಕ ಮೊಹರಿನ ಅರಗಿನ ಜೊತೆ ಇನ್ನೊಂದು ಪೊಟ್ಟಣವನ್ನೂ ತಂದಿದ್ದಳು.

“ಈಗ ಮುಚ್ಚಿ ಪೂರ್ತಿ ಮುಗಸ್ರಿ,” ಎಂದಳು. “ಅವತ್ತ ಎಷ್ಟ ಸಲ ಜಾಲಿಸ್ತೋ ಇವತ್ತೂ ಅಷ್ಟ.”

“ಎಷ್ಟ ಸಲ ಅಂದ್ರ…”

“ಖರೆ ಹೇಳ್ರಿ.”

ಗೂಳಪ್ಪ ಯಂತ್ರದ ತಿರುಪಿನ ಮೇಲೆ ಕೈಯಿಟ್ಟು ನೆಲ ನೋಡಿದ. “ಒಂದ ಸಲ್ರಿ. ಎರಡ ಸಲ ಜಾಲಿಸಬೇಕು ಅಂತ ಮಷೀನಿನ ಮ್ಯಾಲ ಬರದೈತಿ. ಆದ್ರ ನಲ್ಲಿ ನೀರು ದಿನಾ ಬರಂಗಿಲ್ಲ. ತೊಟ್ಟಿ ಖಾಲಿ ಆತಂದ್ರ ಟೋಕನ್ ಮಂದಿ ಜಗಳಕ್ಕ ಬರ್ತಾರ. ಕ್ಯಾಂಪಿನ ಬಟ್ಟಿಗೆ ಒಂದ ನೀರು ಸಾಕು ಅಂತ ನಾನ ಚಾಂದಿಗೆ ಹೇಳಿದ್ದೆ.”

“ಇದನ್ನ ಸಾಹೇಬ್ರ ಮುಂದ ಹೇಳಿದ್ರೇನು?”

ಅವನು ಮುಚ್ಚಳ ಹಾಕಿ ತಿರುಪು ತಿರುವಿದ.

ಯಂತ್ರ ನೀರು ಕಾರಿತು. ಬಟ್ಟೆ ಗಿರಗಿರನೆ ತಿರುಗಿ ಹಿಂಡಿಕೊಂಡಿತು. ಸಿದ್ದಕ್ಕ ಲೋಟದ ನೀರಿಗೆ ಅರಿಷಿಣದ ಪುಡಿ ಕಲಸಿದಳು. ಬಿಳಿ ಬಟ್ಟೆಯ ಮೇಲೆ ಸಾರು ಚೆಲ್ಲಿ ಹಳದಿಯಾದಾಗ, ಅದಕ್ಕೆ ಸಬಕಾರ ತಿಕ್ಕಿದರೆ ಕಲೆ ಕೆಂಪಗಾಗುವುದನ್ನು ನೋಡದ ಹೆಂಗಸು ಇಲ್ಲ. ಬೆಳಿಗ್ಗೆ ಒಗ್ಗರಣೆ ಹಾಕುವಾಗ ಅವಳಿಗೆ ಅದು ನೆನಪಾಗಿತ್ತು. ಬಟ್ಟೆಯಲ್ಲಿ ಸಬಕಾರ ಉಳಿದಿದೆಯೋ ಇಲ್ಲವೋ ಅರಿಷಿಣ ಹೇಳುತ್ತದೆ.

ಯಂತ್ರದ ಅಂಚಿನಲ್ಲಿದ್ದ ನೀಲಿ ಅಂಗಿಯೊಂದನ್ನು ಎಳೆದು, ಕಾಲರಿನ ಒಳಗಿನ ಬಿಳಿ ಪಟ್ಟಿಯ ಮೇಲೆ ಒಂದು ಹನಿ ಬಿಟ್ಟಳು. ಹಳದಿ ಹನಿ ಮೆಲ್ಲಗೆ ಕೇಸರಿಯಾಯಿತು. ನಡುವಿನಿಂದ ಇನ್ನೊಂದನ್ನು ಕಿತ್ತಳು. ಅದರ ಮಡಿಕೆಯಲ್ಲಿ ಪುಡಿ ಕರಗದೆ ಸುಣ್ಣದ ಗೆರೆಯಂತೆ ಕೂತಿತ್ತು. ಹನಿ ಬಿದ್ದದ್ದೇ ತಡ, ಕುಂಕುಮ ಇಟ್ಟಂತೆ ಕೆಂಪಾಯಿತು.

ಇಪ್ಪತ್ತೂ ಅಂಗಿಗಳನ್ನು ನೋಡಿದಳು. ಅಂಚಿನವು ಕೇಸರಿ, ನಡುವಿನವು ಕೆಂಪು. ಹಳದಿಯಾಗಿ ಉಳಿದ ಹನಿ ಒಂದೂ ಇಲ್ಲ.

ಆಮೇಲೆ ಅದೇ ಯಂತ್ರಕ್ಕೆ ಆರೇ ಅಂಗಿ ಹಾಕಿಸಿ, ಕಂಠಮಟ್ಟ ನೀರು ಬಿಡಿಸಿದಳು. ಮುಚ್ಚಳ ತೆಗೆದು ನೋಡಿದರೆ ಅಂಗಿಗಳು ಕೆರೆಯ ಮೀನಿನಂತೆ ಮೇಲೆ ಬಂದು ಕೆಳಗೆ ಮುಳುಗುತ್ತಿದ್ದವು. ಎರಡು ಸಲ ಜಾಲಿಸಿ ತೆಗೆದಾಗ ಐದರಲ್ಲಿ ಅರಿಷಿಣ ಅರಿಷಿಣವಾಗಿಯೇ ನಿಂತಿತು. ಒಂದು ಮಾತ್ರ ಅಂಚಿನಲ್ಲಿ ತುಸು ಬಣ್ಣ ತಿರುಗಿತು.

“ಮಷೀನಿಂದೇನೂ ತಪ್ಪಿಲ್ಲ,” ಎಂದಳು ಸಿದ್ದಕ್ಕ. “ಬಟ್ಟಿ ಈಜಾಡಬೇಕು. ನೀವು ಹೂಳಿಟ್ಟೀರಿ. ಸುತ್ತ ನೀರು ಹರದೈತಿ, ನಡುವಿಂದಕ್ಕ ಮುಟ್ಟಿಲ್ಲ. ನೀರು ಬಿಟ್ಟಾಗ ಮ್ಯಾಲಿನ ನೊರಿ ಇಳದು ಮತ್ತ ಬಟ್ಟಿಯೊಳಗ ಕುಂತೈತಿ.”

“ಹಂಗಾದ್ರ ಭೋಜಪ್ಪನ ಎಣ್ಣಿನೂ ಹಂಗ ಕುಂತಿರಬೇಕಲ್ರಿ?” ಗೂಳಪ್ಪನ ಮುಖದಲ್ಲಿ ಗೆಲುವು ಕಂಡಿತು. “ಸಾಹೇಬ್ರು ಹೇಳಿದ್ದ ಖರೆ ಆತಲ್ಲ!”

ಸಿದ್ದಕ್ಕ ಅರಿಷಿಣದ ಲೋಟ ಕೆಳಗಿಟ್ಟಳು. ಅವನು ಹೇಳಿದ್ದು ಸುಳ್ಳಲ್ಲ. ಚಾಂದಿಬಾಯಿಯನ್ನು ಬಿಡಿಸಲು ಬಂದವಳು ಅವಳ ವಿರುದ್ಧವೇ ಸಾಕ್ಷಿ ಹುಟ್ಟಿಸಿದ್ದಳು. ಆ ಒಗೆತದಲ್ಲಿ ಹೊಲಸು ಹೋಗುವುದಿಲ್ಲ, ಸಬಕಾರ ಹೋಗುವುದಿಲ್ಲ, ವಿಷವೂ ಹೋಗುವುದಿಲ್ಲ. ಹತ್ತೊಂಬತ್ತು ಮಂದಿ ಅದೇ ಕಂತೆಯ ಅಂಗಿ ತೊಟ್ಟು ನೆಟ್ಟಗಿದ್ದಾರಲ್ಲ ಎಂದು ಬೆಳಿಗ್ಗೆ ಅವಳು ಕೇಳಿದ್ದಕ್ಕೆ ಬಸಲಿಂಗಯ್ಯನವರು, “ಭೋಜಪ್ಪನ ಬಟ್ಟಿಗೆ ಅಂಟಿ ನಡುವ ಕುಂತಿದ್ದು ರೋಹಿತನ ಅಂಗಿ ಒಂದ” ಎಂದಿದ್ದರು. ಈಗ ಅದಕ್ಕೂ ಯಂತ್ರ ಹೂಂ ಎಂದಿತ್ತು.

ಬೆಂಚಿನ ಮೇಲೆ ಕೂತಳು. ಬೆರಳುಗಳೆಲ್ಲ ಹಳದಿ, ಕೆಂಪು. ಅವನ್ನು ನೋಡುತ್ತಿದ್ದಂತೆ ಒಂದು ಮಾತು ಹೊಳೆಯಿತು. ಈ ಯಂತ್ರದಲ್ಲಿ, ಇಷ್ಟು ತುಂಬಿ, ಒಂದೇ ನೀರಿನಲ್ಲಿ ಜಾಲಿಸಿದ ಅಂಗಿ ಹಳದಿಯಾಗಿ ಉಳಿಯಲು ಸಾಧ್ಯವಿಲ್ಲ. ನಡುವೆ ಕೂತಿದ್ದರಂತೂ ಕೆಂಪಾಗಲೇಬೇಕು.

ರೋಹಿತನ ಅಂಗಿ ಠಾಣೆಯಲ್ಲಿತ್ತು.

* * *

“ಮೊಹರು ಒಡೀಬೇಕೇನು?” ಬಸಲಿಂಗಯ್ಯ ಪೆನ್ನು ಕೆಳಗಿಟ್ಟರು. “ಸಿದ್ದಕ್ಕ, ಹನ್ನೆರಡೂವರಿ ಆತು. ನಾ ನಿಮ್ಮನ್ನ ಯಾಕ ಕಳಿಸಿದ್ದೆ?”

“ಮಷೀನಿಗೆ ಮೊಹರು ಹಾಕಿ ಬಂದೇನ್ರಿ ಸಾಹೇಬ್ರ. ಪಂಚರೂ ಇಲ್ಲೇ ಅದಾರ. ಅವರ ಮುಂದನ ಒಡದು, ಅವರ ಮುಂದನ ಮತ್ತ ಹಾಕೂಣು.”

ಬಾಗಿಲ ಬಳಿ ಸಾಕ್ಷಿಗೆ ಕರೆಸಿದ ಇಬ್ಬರು ಪಂಚರು ನಿಂತಿದ್ದರು: ಚಹಾದಂಗಡಿಯ ದ್ಯಾಮಪ್ಪ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಅಡಿವೆಯ್ಯ ಮಾಸ್ತರರು. ಒಳಕೋಣೆಯ ನೆಲದಲ್ಲಿ ಚಾಂದಿಬಾಯಿ ಮೊಣಕಾಲಿಗೆ ಹಣೆ ಹಚ್ಚಿ ಕೂತಿದ್ದಳು. ಬೆಳಿಗ್ಗೆಯಿಂದ ನೀರು ಸಹ ಮುಟ್ಟಿರಲಿಲ್ಲ.

“ಡಾಕ್ಟರ ಏನಂದ್ರು?” ಬಸಲಿಂಗಯ್ಯ ಬೆರಳು ಮಡಚಿದರು. “ಹೊಟ್ಟಿಯೊಳಗ ಎಣ್ಣಿ ಇಲ್ಲ. ಅಂಗಿಗೆ ಎಣ್ಣಿ ವಾಸನಿ. ಬೆನ್ನು ಸುಟ್ಟಂಗ ಕೆಂಪಗಾಗೈತಿ. ಬಿಸಲಾಗ ಬೆವರಿದ ಮೈಯಿಂದ ಒಳಗ ಇಳದೈತಿ. ಅಂಗಿ ಒಗದಾಕಿ ಎಣ್ಣಿ ಬಟ್ಟಿ ಹಾಕೇನಿ ಅಂತಾಳ. ಇನ್ನೇನು ಬೇಕು?”

“ಆ ಅಂಗಿ ಆಕಿ ಒಗದಾಳೋ ಇಲ್ಲೋ ಅನ್ನೋದ ಬೇಕ್ರಿ.”

“ಕಾಲರಿನಾಗ ಏಳನೇ ನಂಬರು ಐತಿ. ಕೆಂಪು ದಾರ. ಕ್ಯಾಂಪಿನ ಪಟ್ಟಿಯೊಳಗ ಏಳು ಅಂದ್ರ ರೋಹಿತ. ಏಳನೇ ಅಂಗಿ ಭಾನುವಾರ ಲಾಂಡ್ರಿಗೆ ಹೋಗಿತ್ತು.”

“ಹೋದದ್ದು ಖರೆ. ಆತ ಸೋಮವಾರ ತೊಟ್ಟದ್ದು ಅದನ?”

ಬಸಲಿಂಗಯ್ಯ ಎದ್ದು ನಿಂತರು. ದನಿ ಏರಲಿಲ್ಲ, ಅದು ಇನ್ನೂ ಕೆಟ್ಟದ್ದು ಎಂದು ಸಿದ್ದಕ್ಕನಿಗೆ ಗೊತ್ತು.

“ನಿಮ್ಮ ಮಗ ಮಾಲತೇಶಗ ಆ ಕ್ಯಾಂಪಿನಾಗ ರಾಫ್ಟ್ ನಡಸೂ ಕೆಲಸ ಕೊಡಿಸಿದಾಂವ ರೋಹಿತ. ನಿಮ್ಮ ಮನ್ಯಾಗ ಉಂಡಾನ, ಮಲಗ್ಯಾನ. ಅವನ ಚಟ್ಟಕ್ಕ ನಿಮ್ಮ ಮಗ ಹೆಗಲ ಕೊಟ್ಟಾನ. ಅಂಥಾವನ ಸಾವಿನೊಳಗ ನೀವು ಈ ಬಾಯಿ ಕಡೆ ನಿಂತೀರಿ. ಯಾಕ?”

ಸಿದ್ದಕ್ಕನ ಕಣ್ಣು ಒದ್ದೆಯಾಯಿತು. ರೋಹಿತ ಕೊನೆಯ ಸಲ ಬಂದಾಗ ಎರಡು ಜೋಳದ ರೊಟ್ಟಿ ಹೆಚ್ಚಿಗೆ ಕೇಳಿ ತಿಂದಿದ್ದ. ಅವನು ಸತ್ತ ದಿನದಿಂದ ಮಾಲತೇಶ ತಾಟಿನ ಮುಂದೆ ಕೂತು ಎದ್ದು ಹೋಗುತ್ತಿದ್ದ. ಗೆಳೆಯ ಸತ್ತ ಸಂಕಟ ಎಂದು ಅವಳೂ ಸುಮ್ಮನಿದ್ದಳು.

“ಅದಕ್ಕ ನಿಂತೇನ್ರಿ,” ಎಂದಳು. “ಕೊಂದಾಂವ ಹೊರಗ ತಿರಗಾಡಕೋತ, ಈಕಿ ಒಳಗ ಕುಂತ್ರ ರೋಹಿತಗ ನಾ ಹಾಕಿದ ರೊಟ್ಟಿ ಋಣ ಸುಳ್ಳಾಗತೈತಿ. ಒಂದ ಹನಿ ಅರಿಷಿಣ ನೀರು ಸಾಹೇಬ್ರ. ಕೆಂಪಾದ್ರ ನಾನ ಈಕಿ ಕೈ ಹಿಡಕೊಂಡು ಜೀಪ ಹತ್ತಸ್ತೇನಿ.”

ದ್ಯಾಮಪ್ಪ ಕೆಮ್ಮಿದ. ಅಡಿವೆಯ್ಯ ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. “ಅಕ್ಕಾರ ಹೇಳೋದು ಖರೆ ಐತಿ ಸಾಹೇಬ್ರ. ಸಬಕಾರದ ಕ್ಷಾರಕ್ಕ ಅರಿಷಿಣ ಕೆಂಪಾಗಲೇಬೇಕು. ಎಂಟನೇ ಕ್ಲಾಸಿನ ಹುಡುಗೂರಿಗೆ ನಾನ ಮಾಡಿ ತೋರಸ್ತಿದ್ದೆ.”

ಬಸಲಿಂಗಯ್ಯ ಸ್ವಲ್ಪ ಹೊತ್ತು ಗೋಡೆಯ ಗಡಿಯಾರ ನೋಡಿದರು. ಆಮೇಲೆ ಕಪಾಟಿನ ಬೀಗ ತೆಗೆದರು.

ಆಸ್ಪತ್ರೆಯಿಂದ ತಂದ ರಬ್ಬರಿನ ಕೈಗವಸು ತೊಟ್ಟು, ಕಿಟಕಿಗಳನ್ನೆಲ್ಲ ತೆಗೆಸಿ, ಮೊದಲು ಭೋಜಪ್ಪನ ಅಂಗಿಯ ಚೀಲ ಬಿಚ್ಚಿದರು. ಅದನ್ನು ಬೆಳಿಗ್ಗೆ ಚಾಂದಿಬಾಯಿಯ ಖೋಲಿಯಿಂದ ತಂದದ್ದು. ಭಾನುವಾರ ಯಂತ್ರದಿಂದ ತೆಗೆದು ಒಣಗಿಸಿ ಮಡಚಿಟ್ಟದ್ದು ಹಾಗೇ ಇತ್ತು. ಒಗೆದ ಮೇಲೂ ಎಣ್ಣೆಯ ಘಾಟು ಮೂಗಿಗೆ ಬಡಿಯಿತು.

ಸಿದ್ದಕ್ಕ ಹನಿ ಬಿಟ್ಟಳು. ಕೆಂಪು.

“ಎಣ್ಣಿ ಇದ್ದ ಬಟ್ಟಿ ಮ್ಯಾಲೂ ಕೆಂಪಾತು, ನೋಡಿಕೋರಿ,” ಎಂದಳು. “ಎಣ್ಣಿ ಬಿದ್ದದ್ದಕ್ಕ ಬಣ್ಣ ತಿರಗಲಿಲ್ಲ ಅಂತ ಆಮ್ಯಾಲೆ ಯಾರೂ ಅನ್ನಬಾರದು.”

ಬಸಲಿಂಗಯ್ಯ ಎರಡನೇ ಚೀಲದ ಅರಗು ಒಡೆದರು. ಒಂದು ತೋಳು ಕತ್ತರಿಸಿ ಪ್ರಯೋಗಾಲಯಕ್ಕೆ ಕಳಿಸಿದ್ದರಿಂದ ಅಂಗಿ ಕುಂಟಾದಂತೆ ಕಾಣುತ್ತಿತ್ತು. ಆಸ್ಪತ್ರೆಯಲ್ಲಿ ಮೈ ತೊಳೆಯುವ ಮುಂಚೆ ಬೆನ್ನ ಮೇಲಿಂದ ಕತ್ತರಿ ಹಾಕಿ ತೆಗೆದದ್ದು, ನೀರು ತಾಗಿರಲಿಲ್ಲ. ಸಿದ್ದಕ್ಕನಿಗೆ ಅದನ್ನು ನೋಡಿದ್ದು ಇದೇ ಮೊದಲು. ಸೋಮವಾರ ಅವಳು ಮುಂಡಗೋಡಿನ ಬಂದೋಬಸ್ತಿನಲ್ಲಿದ್ದಳು. ಬರುವಷ್ಟರಲ್ಲಿ ಮೊಹರು ಬಿದ್ದಿತ್ತು.

ಕಾಲರಿನ ಬಿಳಿ ಪಟ್ಟಿ. ಒಂದು ಹನಿ.

ನಾಲ್ವರೂ ಬಗ್ಗಿ ನೋಡಿದರು. ಹನಿ ಹರಡಿತು, ಬಟ್ಟೆಗೆ ಇಂಗಿತು. ಹಳದಿ.

“ಇನ್ನೊಂದು ಕಡೆ,” ಎಂದರು ಬಸಲಿಂಗಯ್ಯ.

ಕಿಸೆಯ ಒಳಗೆ. ಹಳದಿ. ಬಗಲಿನ ಹೊಲಿಗೆಯ ಮಡಿಕೆಯಲ್ಲಿ, ಪುಡಿ ಸಿಕ್ಕಿಕೊಳ್ಳಲೇಬೇಕಾದ ಜಾಗದಲ್ಲಿ. ಹಳದಿ. ಅಂಚಿನ ಮಡಿಕೆ ಬಿಡಿಸಿ ಅದರೊಳಗೆ. ಹಳದಿ, ಹಬ್ಬದ ದಿನ ಹೊಸ್ತಿಲಿಗೆ ಬಳಿದ ಅರಿಷಿಣದಷ್ಟು ಹಳದಿ.

ಅಡಿವೆಯ್ಯ ಮಾಸ್ತರರು ಮೆಲ್ಲಗೆ ಅಂದರು, “ಇದು ಆ ಮಷೀನ್ ಕಂಡ ಬಟ್ಟಿ ಅಲ್ಲ ಬಿಡ್ರಿ. ಇದನ್ನ ಕೈಲೆ ಒಗದಾರ. ಒಂದಲ್ಲ ಎರಡಲ್ಲ, ಮೂರು ನೀರು ಕಂಡಂಥ ಅಂಗಿ. ಅದೂ ಬಾಳ ಜಾಣ ಹೆಣಮಗಳು ಒಗದದ್ದು.”

“ಒಗದ ಮ್ಯಾಲೆ ಎಣ್ಣಿ ಹಚ್ಯಾರ,” ಎಂದಳು ಸಿದ್ದಕ್ಕ. ಅವಳಿಗೆ ಅಳು ಬರುವಷ್ಟು ಹಗುರಾಗಿತ್ತು. “ಮಷೀನಿನಾಗ ಭೋಜಪ್ಪನ ಬಟ್ಟಿ ಬಿದ್ದೈತಿ ಅನ್ನೋದು ಗೊತ್ತಿದ್ದಾಂವ ಹಚ್ಯಾನ. ಎಲ್ಲಾರೂ ಲಾಂಡ್ರಿ ಕಡೆನ ನೋಡ್ಲಿ ಅಂತ.”

ಬಸಲಿಂಗಯ್ಯ ಕುರ್ಚಿಗೆ ಒರಗಿ ಕಣ್ಣುಜ್ಜಿಕೊಂಡರು. ಸೋಲೊಪ್ಪಿಕೊಳ್ಳುವುದು ಅವರಿಗೆ ರೂಢಿಯಿರಲಿಲ್ಲ. ಆದರೂ ತಮ್ಮ ಕೈಯಾರೆ ಕೋರ್ಟಿನ ಕಾಗದ ಮಡಚಿ ಖಾನೆಗೆ ಹಾಕಿದರು. “ಆಕಿನ್ನ ಕರೀರಿ,” ಎಂದರು.

ಚಾಂದಿಬಾಯಿ ಬಂದು ಗೋಡೆಗೆ ಅಂಟಿ ನಿಂತಳು. ಕೈಯ ಬಿಳಿ ಬಳೆಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು.

“ಹೆದರಬ್ಯಾಡ,” ಸಿದ್ದಕ್ಕ ಅವಳ ಬೆನ್ನ ಮೇಲೆ ಕೈಯಿಟ್ಟಳು. “ಮುಟ್ಟಬ್ಯಾಡ, ಬರೇ ನೋಡು. ಈ ನಂಬರು ನೀ ಹಾಕಿದ್ದೇನು?”

ಚಾಂದಿಬಾಯಿ ಬಗ್ಗಿದಳು. ಬಹಳ ಹೊತ್ತು ನೋಡಿದಳು. ನಾಲ್ಕು ದಿನದಲ್ಲಿ ಮೊದಲ ಬಾರಿಗೆ ಅವಳ ಮುಖದಲ್ಲಿ ಭಯವಲ್ಲದ್ದು ಏನೋ ಕಂಡಿತು.

“ಅಲ್ಲರಿ ಬಾಯಿ. ನಾವು ಲಮಾಣ್ಯಾರು. ಸೂಜಿ ಹಿಡದ ಹುಟ್ಟಿದವರು. ನಾ ಹಾಕಿದ್ರ ಒಂದೊಂದು ಸೂಜಿ ಟಾಕಿನೂ ಕಾಳಿನಂಗ ಸಮ ಇರತೈತಿ. ಇದ್ಯಾರೋ ಗಂಡಸು ಹಾಕ್ಯಾನ. ದಾರಾನೂ ನಂದಲ್ಲ.” ಇನ್ನಷ್ಟು ಬಗ್ಗಿದಳು. “ಕೆಳಗ ನೋಡ್ರಿ, ಸೂಜಿ ತೂತು ಅದಾವ. ಬ್ಯಾರೆ ನಂಬರು ಇತ್ತು. ಅದನ್ನ ಬಿಚ್ಚಿ ಮ್ಯಾಲೆ ಏಳು ಹಾಕ್ಯಾರ.”

“ಯಾವ ನಂಬರು ಇತ್ತು?” ಬಸಲಿಂಗಯ್ಯ ಮುಂದೆ ಬಾಗಿದರು.

“ಎರಡು ಅಂಕಿರಿ. ಮೊದಲಿಂದು ಒಂದು. ಎರಡನೇದು ತಿಳಿಯವಲ್ದು.”

“ಸಿದ್ದಕ್ಕ, ಬೆಳಕಿಗೆ ಹಿಡೀರಿ.”

ಸಿದ್ದಕ್ಕ ಕೈಗವಸು ತೊಟ್ಟು ಅಂಗಿಯನ್ನು ಎತ್ತಿ ಕಿಟಕಿಯ ಕಡೆ ತಿರುಗಿದಳು. ಮಧ್ಯಾಹ್ನದ ಬಿಸಿಲು ನೀಲಿ ಬಟ್ಟೆಯ ಮೂಲಕ ಹಾಯ್ದು ಅವಳ ಮುಖದ ಮೇಲೆ ಬಿತ್ತು. ತೂತುಗಳನ್ನು ಎಣಿಸಲು ಹೋದ ಕಣ್ಣು, ಯಾಕೋ, ಕೆಳಗೆ ಜಾರಿತು.

ಗುಂಡಿಗಳು ಆರು. ಐದು ನೀಲಿ. ಚೊಣ್ಣದೊಳಗೆ ಮುಚ್ಚಿಹೋಗುವ ಕೊನೆಯದು ನೀಲಿಯಲ್ಲ. ಖಾಕಿ.

ಅವಳು ಅಂಗಿಯನ್ನು ಇನ್ನಷ್ಟು ಬೆಳಕಿಗೆ ತಿರುಗಿಸಿದಳು.

ಹೋದ ಶನಿವಾರ. ರಜೆಯ ದಿನ. “ಅವ್ವಾ, ಆ ಲಾಂಡ್ರಿ ಅಂಗಿ ತೊಟ್ರ ಮೈಯೆಲ್ಲಾ ತುರಸ್ತೈತಿ. ಇದೊಂದನ್ನ ನೀನ ಒಗದ ಕೊಡ” ಎಂದು ಮಾಲತೇಶ ಹಿತ್ತಲಿನ ಕಲ್ಲಿನ ಮೇಲೆ ಅಂಗಿ ಇಟ್ಟಿದ್ದ. ಅವಳು ಸಬಕಾರ ಹಚ್ಚಿ ತಿಕ್ಕಿ, ನೊರೆ ಹೋಗುವವರೆಗೆ ಒಂದು ನೀರು, ನೀರು ತಿಳಿಯಾಗುವವರೆಗೆ ಎರಡನೆಯದು, ಸಮಾಧಾನಕ್ಕೆ ಮೂರನೆಯದು ಎಂದು ಜಾಲಿಸಿ ಹಿಂಡಿದ್ದಳು. ಅವಳ ಅವ್ವ ಕಲಿಸಿದ್ದು ಹಾಗೆ. ಒಣಹಾಕುವಾಗ ಕೊನೆಯ ಗುಂಡಿ ಇಲ್ಲದ್ದು ಕಂಡಿತ್ತು. ಹರಿದ ತನ್ನ ಹಳೆಯ ಖಾಕಿ ಅಂಗಿಯಿಂದ ಒಂದನ್ನು ಕಿತ್ತು, ಕರಿ ದಾರದಲ್ಲಿ ನಾಲ್ಕು ಸುತ್ತು ಹಾಕಿ, ಹಲ್ಲಿನಿಂದ ದಾರ ಕಡಿದಿದ್ದಳು. ಭಾನುವಾರ ಸಂಜೆ ಮಗ ಅದನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, ದಾರಿಯಲ್ಲಿ ಲಾಂಡ್ರಿಯಿಂದ ಕ್ಯಾಂಪಿನ ಗಂಟನ್ನೂ ಎತ್ತಿಕೊಂಡು ಹೋಗಿದ್ದ.

ಕರಿ ದಾರ. ನಾಲ್ಕು ಸುತ್ತು. ಕಡಿದ ತುದಿ ಇನ್ನೂ ಸ್ವಲ್ಪ ಚಾಚಿಕೊಂಡಿತ್ತು.

“ಕಾಣ್ತೇನು?” ಬಸಲಿಂಗಯ್ಯ ಕೇಳಿದರು.

ಅಂಗಿಯನ್ನು ಹೀಗೇ ಮಡಚಿ ಚೀಲಕ್ಕೆ ಇಳಿಸಿದರೆ ಯಾರಿಗೂ ತಿಳಿಯುವುದಿಲ್ಲ. ಒಂದು ಗುಂಡಿಯನ್ನು ನೋಡುವ ಕಣ್ಣು ಈ ಠಾಣೆಯಲ್ಲಿ ಇನ್ನೊಂದಿಲ್ಲ. ಎರಡನೆಯ ಅಂಕಿ ತಿಳಿಯುತ್ತಿಲ್ಲ ಎಂದರೂ ನಂಬುತ್ತಾರೆ. ಒಬ್ಬನೇ ಮಗ. ಗಂಡ ಕಾರ್ಖಾನೆಯ ಅಪಘಾತದಲ್ಲಿ ಹೋದಾಗ ಮಾಲತೇಶನಿಗೆ ಆರು ವರ್ಷ. ಅಂದು ರಾತ್ರಿಯಿಡೀ ಅವಳ ಖಾಕಿಯ ಅಂಚು ಹಿಡಿದೇ ಮಲಗಿದ್ದ.

ಹಿಂದಿನಿಂದ ಬಳೆಗಳ ಸದ್ದು ಕೇಳಿತು. ಚಾಂದಿಬಾಯಿ ನೆಲಕ್ಕೆ ಕುಸಿದು ಕೂತಿದ್ದಳು. “ನನ್ನ ಮನಿಗೆ ಬಿಡ್ತೀರೇನ್ರಿ ಬಾಯಿ?” ಎಂದು ಸಣ್ಣ ದನಿಯಲ್ಲಿ ಕೇಳಿದಳು. “ಭೋಜಪ್ಪಗ ಯಾರೂ ಹೇಳೇ ಇಲ್ಲ. ನಾಳೆ ಬಸ್ಸಿಳದು ಖೋಲಿಗೆ ಬೀಗ ನೋಡಿ ಹೆದರ್ತಾನ.”

ಸಿದ್ದಕ್ಕ ತಿರುಗಿದಳು. ಅಂಗಿಯನ್ನು ಮೇಜಿನ ಮೇಲೆ ಹಾಸಿ, ಕೊನೆಯ ಗುಂಡಿಯ ಮೇಲೆ ಬೆರಳಿಟ್ಟಳು.

“ಮಾಸ್ತರ, ಪೆನ್ನು ತಗೋರಿ. ಸಾಹೇಬ್ರ, ನೀವೂ ಬರಕೋರಿ.” ತನ್ನ ದನಿ ಬೇರೆ ಯಾರದ್ದೋ ಎಂಬಂತೆ ಕೇಳಿತು. “ಕೆಳಗಿನ ನಂಬರು ಹನ್ನೆರಡು. ಈ ಗುಂಡಿ ನನ್ನ ಅಂಗಿದು. ಹಚ್ಚಿದಾಕಿ ನಾನು. ಮೂರು ನೀರಿನಾಗ ಜಾಲಿಸಿದಾಕಿನೂ ನಾನ.”

ಬಸಲಿಂಗಯ್ಯ ಕ್ಯಾಂಪಿನ ಪಟ್ಟಿಯ ಮೇಲೆ ಬೆರಳಾಡಿಸಿದರು.

“ಹನ್ನೆರಡು ಅಂದ್ರ…” ಬಸಲಿಂಗಯ್ಯ ಅರ್ಧಕ್ಕೆ ನಿಲ್ಲಿಸಿದರು.

“ನನ್ನ ಮಗ ರಿ.”

ಅಡಿವೆಯ್ಯ ಮಾಸ್ತರರ ಪೆನ್ನು ಕಾಗದದ ಮೇಲೆ ನಿಂತೇ ಇತ್ತು. ಬಸಲಿಂಗಯ್ಯ ಅವಳ ಮುಖ ನೋಡದೆ ಟೆಲಿಫೋನು ಎಳೆದುಕೊಂಡು ಗಣೇಶಗುಡಿಯ ಕ್ಯಾಂಪಿನ ನಂಬರು ಒತ್ತಿದರು. ಗಂಟೆ ಬಹಳ ಹೊತ್ತು ಬಾರಿಸಿತು. ಕಡೆಗೆ ಯಾರೋ ಎತ್ತಿದರು. ಆ ಸುಮ್ಮನಿದ್ದ ಕೋಣೆಯಲ್ಲಿ ಆಚೆಯ ದನಿ ಎಲ್ಲರಿಗೂ ಕೇಳಿಸಿತು.

“ಮಾಲತೇಶ ಏನ್ರಿ? ಅಂವ ಈ ಮೂರು ದಿನದಿಂದ ಕೆಲಸಕ್ಕ ಬಂದೇ ಇಲ್ಲಲ್ರಿ ಸಾಹೇಬ್ರ. ಅವರವ್ವಗ ಆರಾಮಿಲ್ಲ, ದವಾಖಾನ್ಯಾಗ ಕುಂತೇನಿ ಅಂತ ಹೇಳಿ ಕಳಿಸ್ಯಾನ.”

ಮೂರು ದಿನವೂ ಬೆಳಿಗ್ಗೆ ಆರಕ್ಕೆ, ಕ್ಯಾಂಪಿಗೆಂದು ಅವನ ಕೈಗೆ ರೊಟ್ಟಿಯ ಗಂಟು ಕೊಟ್ಟು ಬಸ್ಸು ಹತ್ತಿಸಿದವಳು ಸಿದ್ದಕ್ಕನೇ.